ಪಾತ್ರಕ್ಕೆ ದನಿ ಬಿಟ್ಟುಕೊಟ್ಟವರು: ಸಾರಾ ಬರೆಲಿಸ್ ಮತ್ತು ರಂಗಕ್ಕೆ ಬಂದ ಪಾಪ್ ಗಾಯಕರು

1964ರ ಮೇ ತಿಂಗಳಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಿಂದ ಬೀಟಲ್ಸ್ ತಂಡವನ್ನು ಕೆಳಗಿಳಿಸಿದ್ದು ಒಂದು ನಾಟಕದ ಹಾಡು. ಹದಿನಾಲ್ಕು ವಾರ ಬಿಡದೆ ಆ ಜಾಗ ಹಿಡಿದಿದ್ದ ಹುಡುಗರನ್ನು ಸರಿಸಿದವರು ಅರವತ್ತು ದಾಟಿದ್ದ ಲೂಯಿ ಆರ್ಮ್‌ಸ್ಟ್ರಾಂಗ್. ಅವರು ಹಾಡಿದ್ದು ಅದೇ ವರ್ಷ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ತೆರೆಕಂಡ ‘ಹಲೋ, ಡಾಲಿ!’ ಸಂಗೀತ ನಾಟಕದ ಶೀರ್ಷಿಕೆ ಗೀತೆಯನ್ನು. ಅದಕ್ಕೆ ಮೂವತ್ತು ವರ್ಷ ಹಿಂದೆ ಇದು ಸುದ್ದಿಯೇ ಆಗುತ್ತಿರಲಿಲ್ಲ. ಜಾರ್ಜ್ ಗರ್ಶ್ವಿನ್, ಕೋಲ್ ಪೋರ್ಟರ್, ರಿಚರ್ಡ್ ರಾಜರ್ಸ್ ಇವರ ದಿನಗಳಲ್ಲಿ ಜನ ಗುನುಗುತ್ತಿದ್ದ ಎಷ್ಟೋ ಹಾಡುಗಳು ರಂಗದಿಂದಲೇ ಇಳಿದು ಬಂದವು. ನಾಟಕಕ್ಕೆ ಬರೆಯುವವರೂ ರೇಡಿಯೋಗೆ ಬರೆಯುವವರೂ ಬೇರೆ ಬೇರೆ ಕುಲದವರಾಗಿರಲಿಲ್ಲ. ರಾಕ್ ಅಂಡ್ ರೋಲ್ ಬಂದ ಮೇಲೆ ದಾರಿ ಕವಲೊಡೆಯಿತು. ಹಾಡನ್ನು ಬರೆದವರೇ ಹಾಡಬೇಕು, ತಮ್ಮ ಬದುಕನ್ನೇ ಹಾಡಬೇಕು ಎಂಬ ಹೊಸ ನಂಬಿಕೆ ಹುಟ್ಟಿತು. ಬ್ರಾಡ್‌ವೇ ತನ್ನ ಪಾಡಿಗೆ ತಾನು ಉಳಿಯಿತು.

ಕಳೆದ ಕಾಲು ಶತಮಾನದಲ್ಲಿ ಆ ಕವಲಿನ ಇನ್ನೊಂದು ಕಡೆಯಿಂದ ಜನ ರಂಗಕ್ಕೆ ಮರಳಿ ಬರುತ್ತಿದ್ದಾರೆ. ಪಾಲ್ ಸೈಮನ್, ಎಲ್ಟನ್ ಜಾನ್, ಸಿಂಡಿ ಲಾಪರ್, ಸ್ಟಿಂಗ್, ಬೋನೋ, ಸಾರಾ ಬರೆಲಿಸ್, ಅನಾಯಿಸ್ ಮಿಚೆಲ್ ಹೀಗೆ ಹೆಸರುಗಳು ಬೆಳೆಯುತ್ತವೆ. ಇವರಲ್ಲಿ ಕೆಲವರು ಬ್ರಾಡ್‌ವೇಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಎತ್ತಿಕೊಂಡರು, ಕೆಲವರು ಎರಡು ತಿಂಗಳಲ್ಲಿ ಪರದೆ ಎಳೆದು ಮನೆಗೆ ಹೋದರು. ಒಳ್ಳೆಯ ರಾಗ ಕಟ್ಟುವ ಶಕ್ತಿ ಇವರೆಲ್ಲರಿಗೂ ಇತ್ತು, ಹೆಸರೂ ಇತ್ತು. ಗೆದ್ದವರನ್ನೂ ಸೋತವರನ್ನೂ ಬೇರ್ಪಡಿಸಿದ ಗೆರೆ ಬೇರೆಲ್ಲೋ ಇದೆ. ತನ್ನದೆಂದು ಜಗತ್ತು ಗುರುತಿಸಿದ ದನಿಯನ್ನು ಇನ್ನೊಬ್ಬರ ಬಾಯಿಗೆ, ತನ್ನದಲ್ಲದ ಒಂದು ಬದುಕಿಗೆ ಬಿಟ್ಟುಕೊಡಬಲ್ಲವರು ಇಲ್ಲಿ ಉಳಿದರು ಎಂಬುದು ನನ್ನ ವಾದ. ಬರೆಲಿಸ್ ಅವರ ‘ವೇಟ್ರೆಸ್’ ಈ ವಾದಕ್ಕೆ ಸಿಗುವ ಅತ್ಯಂತ ಸ್ಪಷ್ಟ ಉದಾಹರಣೆ. ಈ ಪರಂಪರೆಯ ಮಿತಿಯೂ ಅದೇ ಕೃತಿಯಲ್ಲಿ ಕಾಣುತ್ತದೆ.

ಪಾಪ್ ಹಾಡಿನ ಕಸುಬೇ ಬೇರೆ. ಅದರ ‘ನಾನು’ ಖಾಲಿ ಕುರ್ಚಿ. ಕೇಳುವವರು ಯಾರು ಬೇಕಾದರೂ ಅದರಲ್ಲಿ ಕೂರಬಹುದು. ಪಲ್ಲವಿ ಮೂರು ಸಲ ಬಂದರೂ ಅದೇ ಮಾತು, ಅದೇ ಭಾವ. ಹಾಡು ಮುಗಿದಾಗ ಹಾಡಿದವರು ಶುರುಮಾಡಿದ ಜಾಗದಲ್ಲೇ ನಿಂತಿರುತ್ತಾರೆ. ಅದು ದೋಷವಲ್ಲ, ಮೂರೂವರೆ ನಿಮಿಷ ಒಂದೇ ಭಾವದಲ್ಲಿ ಮುಳುಗಿಸುವುದೇ ಅದರ ಗುರಿ. ರಂಗದ ಹಾಡಿಗೆ ಈ ಸವಲತ್ತು ಇಲ್ಲ. ಅಲ್ಲಿ ಹಾಡುವವಳಿಗೆ ಹೆಸರು, ಊರು, ಗಂಡ, ಸಾಲ ಎಲ್ಲವೂ ಇವೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಆಕೆಗೆ ಮೊದಲ ಚರಣದಲ್ಲಿ ಗೊತ್ತಿಲ್ಲದ ಏನೋ ಗೊತ್ತಾಗಿರಬೇಕು. ಮಾತು ಒಂದೇ ಸಲಕ್ಕೆ ಕಿವಿಗೆ ದಕ್ಕಬೇಕು, ಹಿಂದೆ ಸರಿಸಿ ಮತ್ತೆ ಕೇಳುವ ಹಾಗಿಲ್ಲ. ಬ್ರಾಡ್‌ವೇಯ ಹೆಸರಾಂತ ಗೀತರಚನಕಾರ ಸ್ಟೀಫನ್ ಸೋಂಡ್‌ಹೈಮ್ ರಂಗಗೀತೆಯಲ್ಲಿ ಅರೆಪ್ರಾಸವನ್ನು ಒಪ್ಪದೆ ಪೂರ್ಣ ಪ್ರಾಸಕ್ಕೆ ಹಟ ಹಿಡಿದದ್ದು ಮಡಿವಂತಿಕೆಯಿಂದಲ್ಲ. ಖಚಿತ ಪ್ರಾಸ ಮಾತನ್ನು ಕಿವಿಗೆ ಸರಿಯಾಗಿ ಮುಟ್ಟಿಸುತ್ತದೆ. ಅದೇ ಹಾಡನ್ನು ನಟಿ ವಾರಕ್ಕೆ ಎಂಟು ಸಲ ಹಾಡಬೇಕೆಂಬ ದೇಹದ ಲೆಕ್ಕವೂ ಇದೆ. ಸ್ಟುಡಿಯೋದಲ್ಲಿ ಒಂದು ಸಲ ಮುಟ್ಟಿದ ಸ್ವರ ಶಾಶ್ವತ. ರಂಗದಲ್ಲಿ ಅದನ್ನು ಪ್ರತಿ ಸಂಜೆ ಹೊಸದಾಗಿ ದುಡಿಯಬೇಕು.

ಇದನ್ನು ಅತ್ಯಂತ ದುಬಾರಿಯಾಗಿ ಕಲಿತವರು ಪಾಲ್ ಸೈಮನ್. ಅವರ ‘ದಿ ಕೇಪ್‌ಮನ್’ 1998ರ ಜನವರಿ 29ರಂದು ತೆರೆಕಂಡು ಮಾರ್ಚ್ 28ರಂದು ನಿಂತುಹೋಯಿತು. 68 ಪ್ರದರ್ಶನ, ಒಂದು ಕೋಟಿ ಹತ್ತು ಲಕ್ಷ ಡಾಲರ್ ನಷ್ಟ. ಜೊತೆಗೆ ಬರೆದವರು ನೊಬೆಲ್ ಪುರಸ್ಕೃತ ಕವಿ ಡೆರೆಕ್ ವಾಲ್ಕಾಟ್. ಹಾಡಿದವರು ರೂಬೆನ್ ಬ್ಲೇಡ್ಸ್ ಮತ್ತು ಮಾರ್ಕ್ ಆಂಟನಿ. ವಸ್ತು ನಿಜ ಘಟನೆಯದು. 1959ರಲ್ಲಿ ನ್ಯೂಯಾರ್ಕಿನ ಹೆಲ್ಸ್ ಕಿಚನ್ ಬಡಾವಣೆಯ ಆಟದ ಬಯಲಲ್ಲಿ ಸಾಲ್ವಡೋರ್ ಅಗ್ರೋನ್ ಎಂಬ ಹದಿನಾರರ ಪೋರ್ಟೊ ರಿಕೊ ಮೂಲದ ಹುಡುಗ ಇಬ್ಬರು ಹದಿಹರೆಯದವರನ್ನು ಇರಿದು ಕೊಂದಿದ್ದ. ಸತ್ತವರ ಬಂಧುಗಳು ನಾಟಕವನ್ನು ವಿರೋಧಿಸಿ ಬೀದಿಗೆ ಬಂದರು, ವಿಮರ್ಶಕರು ಕಟುವಾಗಿ ಬರೆದರು.

ಆ ಹಾಡುಗಳನ್ನು ಈಗ ಕೇಳಿದರೆ ಮನಸ್ಸು ಕರಗುತ್ತದೆ. ಐವತ್ತರ ದಶಕದ ನ್ಯೂಯಾರ್ಕಿನ ಬೀದಿ ಮೂಲೆಗಳಲ್ಲಿ ಹುಡುಗರು ಕೂಡಿ ಹಾಡುತ್ತಿದ್ದ ಡೂ-ವಾಪ್, ಅದರ ಪಕ್ಕದಲ್ಲೇ ಪೋರ್ಟೊ ರಿಕೊದ ತಾಳ, ಎರಡೂ ಸೈಮನ್ ಅವರ ಹದಿಹರೆಯದ ಗಾಳಿಯಲ್ಲೇ ಇದ್ದವು. ಸಂಗೀತದ ಮಟ್ಟಿಗೆ ಇದು ಅವರ ಶ್ರೇಷ್ಠ ಕೆಲಸಗಳಲ್ಲೊಂದು ಎಂದೇ ಹೇಳುತ್ತೇನೆ. ಆದರೆ ಪ್ರತಿ ಹಾಡೂ ನಡೆದುಹೋದುದನ್ನು ನೆನೆಯುತ್ತದೆ, ಯಾವುದೂ ಕಣ್ಣೆದುರು ನಡೆಯುವುದಿಲ್ಲ. ಕೊಲೆಗಾರ, ಅವನ ತಾಯಿ, ಜೈಲಿನ ಸಂಗಾತಿ, ಯಾರು ಬಾಯಿ ತೆರೆದರೂ ಒಳಗಿಂದ ಕೇಳುವುದು ಸೈಮನ್ ಅವರ ಮೆಲುದನಿಯ ಧ್ಯಾನ. ನಾಟಕಕ್ಕೆ ಎರಡು ತಿಂಗಳು ಮುಂಚೆ ಅವರು ತಮ್ಮದೇ ಕಂಠದಲ್ಲಿ ಆಲ್ಬಂ ಹೊರತಂದರು. ಅದನ್ನು ಕೇಳಿದ ಮೇಲೆ ನಾಟಕಕ್ಕೆ ಸೇರಿಸಲು ಹೆಚ್ಚೇನೂ ಉಳಿದಿರಲಿಲ್ಲ.

ಸ್ಟಿಂಗ್ ಕಥೆಯೂ ಹತ್ತಿರದ್ದೇ. ಇಂಗ್ಲೆಂಡಿನ ವಾಲ್ಸೆಂಡ್‌ನಲ್ಲಿ ಹಡಗುಕಟ್ಟೆಯ ನೆರಳಲ್ಲಿ ಬೆಳೆದ ಅವರು ಆ ಕಾರ್ಮಿಕರ ಬದುಕನ್ನೇ ‘ದಿ ಲಾಸ್ಟ್ ಶಿಪ್’ ಆಗಿಸಿದರು. 2014ರ ಅಕ್ಟೋಬರಿನಲ್ಲಿ ತೆರೆಕಂಡ ನಾಟಕಕ್ಕೆ ಜನ ಬರದಾದಾಗ ಡಿಸೆಂಬರಿನಲ್ಲಿ ಅವರೇ ಪಾತ್ರ ವಹಿಸಿ ರಂಗವೇರಿದರು. ಟಿಕೆಟ್ ಮಾರಾಟ ಏರಿತು. ಆದರೂ ಜನವರಿ 24ಕ್ಕೆ ಪ್ರದರ್ಶನ ಮುಗಿಯಿತು. ಪ್ರೇಕ್ಷಕರು ಬಂದದ್ದು ಸ್ಟಿಂಗ್‌ಗಾಗಿ, ಹಡಗಿಗಾಗಿ ಅಲ್ಲ. ಬೋನೋ ಮತ್ತು ಅವರ ರಾಕ್ ತಂಡದ ಗಿಟಾರ್ ವಾದಕ ಎಡ್ಜ್ ಸಂಗೀತ ನೀಡಿದ ‘ಸ್ಪೈಡರ್ ಮ್ಯಾನ್’ ನಾಟಕ ಏಳೂವರೆ ಕೋಟಿ ಡಾಲರ್ ನುಂಗಿ, ಹಗ್ಗದಲ್ಲಿ ಹಾರುವ ನಟರಿಗೆ ಗಾಯ ಮಾಡಿ ಹೆಸರಾಯಿತು. ಅದರ ಒಂದು ಹಾಡೂ ಇಂದು ಯಾರ ಬಾಯಲ್ಲೂ ಇಲ್ಲ.

ಎಲ್ಟನ್ ಜಾನ್ ಅವರ ಅನುಭವ ಇನ್ನೂ ಹೆಚ್ಚು ಕಲಿಸುತ್ತದೆ. ಅವರು ಸಾಮಾನ್ಯವಾಗಿ ತಮ್ಮ ಸಾಹಿತ್ಯ ತಾವೇ ಬರೆಯುವವರಲ್ಲ. ಯಾರೋ ಬರೆದ ಸಾಲನ್ನು ಪಿಯಾನೋ ಮುಂದಿಟ್ಟುಕೊಂಡು ರಾಗ ಹಾಕುವುದು ಅವರ ಜೀವಮಾನದ ರೂಢಿ. ‘ಬಿಲ್ಲಿ ಎಲಿಯಟ್’ಗೆ ಮಾತು ಕೊಟ್ಟವರು ಮೂಲ ಚಿತ್ರಕಥೆಯನ್ನೇ ಬರೆದ ನಾಟಕಕಾರ ಲೀ ಹಾಲ್. ಗಣಿ ಮುಷ್ಕರದ ಸಿಟ್ಟು ಬ್ಯಾಲೆ ಕಲಿಯುವ ಹುಡುಗನ ಕಾಲಿಗೆ ಇಳಿಯುವ ಬಗೆಯನ್ನು ಆ ಮಾತುಗಳೇ ತೋರಿಸಿದವು. 2009ರಲ್ಲಿ ಅದು ಹತ್ತು ಟೋನಿ ಗೆದ್ದಿತು. ಅದಕ್ಕೆ ಮೂರು ವರ್ಷ ಮುಂಚೆ ಅದೇ ಎಲ್ಟನ್ ತಮ್ಮ ದೀರ್ಘಕಾಲದ ಗೀತರಚನಕಾರ ಬರ್ನಿ ಟಾಪಿನ್ ಜೊತೆ ‘ಲೆಸ್ಟಾಟ್’ ಮಾಡಿದ್ದರು. 39 ಪ್ರದರ್ಶನಕ್ಕೆ ಅದು ಮುಚ್ಚಿತು. ಪಾಪ್ ಲೋಕವನ್ನು ಗೆದ್ದ ಜೋಡಿ ರಂಗದಲ್ಲಿ ಎಡವಿತು, ರಂಗ ಬಲ್ಲವನ ಕೈ ಹಿಡಿದಾಗ ಅದೇ ಸಂಗೀತಗಾರ ಗೆದ್ದರು.

ಸಿಂಡಿ ಲಾಪರ್ ಅವರಿಗೂ ‘ಕಿಂಕಿ ಬೂಟ್ಸ್’ನಲ್ಲಿ ಹಾರ್ವಿ ಫಯರ್‌ಸ್ಟೈನ್ ಅವರಂಥ ಪಳಗಿದ ನಾಟಕಕಾರರ ಕೈ ಸಿಕ್ಕಿತು. ಇಂಗ್ಲೆಂಡಿನ ನಾರ್ತಾಂಪ್ಟನ್‌ನಲ್ಲಿ ಮುಳುಗುತ್ತಿರುವ ಒಂದು ಶೂ ಕಾರ್ಖಾನೆ. ಅದನ್ನು ಉಳಿಸುವುದು ಹೆಣ್ಣುಡುಗೆ ತೊಟ್ಟು ಹಾಡುವ ಲೋಲಾಗೆ ಬೇಕಾದ ಎತ್ತರದ ಹಿಮ್ಮಡಿಯ ಬೂಟುಗಳು. ಎಂಬತ್ತರ ದಶಕದ ಕುಣಿತದ ಕ್ಲಬ್ಬುಗಳ ಸಂಗೀತ ಲಾಪರ್ ಅವರಿಗೆ ಮನೆಮಾತು. ಲೋಲಾಗೆ ಅದನ್ನೇ ಧಾರಾಳವಾಗಿ ಕೊಟ್ಟರು. ಅಚ್ಚರಿ ಇರುವುದು ಲೋಲಾ ತನ್ನ ತಂದೆಯನ್ನು ನೆನೆದು ಹಾಡುವ ಸದ್ದಿಲ್ಲದ ಗೀತೆಯಲ್ಲಿ. ಅದರಲ್ಲಿ ಲಾಪರ್ ಅವರ ಆ ಹೆಸರಾಂತ ಕಿರುಚುದನಿಯ ಸುಳಿವೇ ಇಲ್ಲ. 2013ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಅತ್ಯುತ್ತಮ ಸಂಗೀತದ ಟೋನಿಯನ್ನು ಒಬ್ಬಂಟಿಯಾಗಿ ಗೆದ್ದ ಮೊದಲ ಮಹಿಳೆ ಅವರಾದರು.

ಅದೇ ಹೊತ್ತಿಗೆ ಸಾರಾ ಬರೆಲಿಸ್ ನ್ಯೂಯಾರ್ಕಿಗೆ ಬಂದು ನೆಲೆಸಿದ್ದರು. ಉತ್ತರ ಕ್ಯಾಲಿಫೋರ್ನಿಯಾದ ಯುರೇಕಾ ಎಂಬ ಸಣ್ಣ ಕರಾವಳಿ ಊರಲ್ಲಿ 1979ರಲ್ಲಿ ಹುಟ್ಟಿ, ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಓದುವಾಗ ವಾದ್ಯಗಳಿಲ್ಲದೆ ಬರಿ ಕಂಠಗಳಿಂದಲೇ ಹಾಡುವ ತಂಡವೊಂದರಲ್ಲಿ ಪಳಗಿದವರು. 2007ರ ‘ಲಿಟಲ್ ವಾಯ್ಸ್’ ಆಲ್ಬಂನ ‘ಲವ್ ಸಾಂಗ್’ ಅವರನ್ನು ಮನೆಮನೆಗೆ ಮುಟ್ಟಿಸಿತು. ಹೆಸರು ಪ್ರೇಮಗೀತೆ, ಆದರೆ ಅದು ಪ್ರಿಯಕರನಿಗೆ ಬರೆದದ್ದಲ್ಲ. ರೇಡಿಯೋಗೆ ಒಪ್ಪುವ ಹಾಡು ಕೊಡು ಎಂದು ಒತ್ತಾಯಿಸುತ್ತಿದ್ದ ಧ್ವನಿಮುದ್ರಣ ಕಂಪನಿಗೆ ಕೊಟ್ಟ ಉತ್ತರ. ಆಮೇಲಿನ ‘ಕಿಂಗ್ ಆಫ್ ಎನಿಥಿಂಗ್’ ಕೇಳದೆ ಬುದ್ಧಿ ಹೇಳಲು ಬಂದವರಿಗೆ ಕೊಟ್ಟ ಎದಿರೇಟು. 2013ರ ‘ಬ್ರೇವ್’ ತನ್ನ ಲೈಂಗಿಕ ಒಲವನ್ನು ಬಹಿರಂಗಪಡಿಸಲು ಹೆಣಗುತ್ತಿದ್ದ ಸ್ನೇಹಿತರೊಬ್ಬರ ಬೆನ್ನಿಗೆ ನಿಂತ ಮಾತು. ಈ ಮೂರರಲ್ಲೂ ಎದುರಿಗೆ ಒಬ್ಬರು ನಿಂತಿದ್ದಾರೆ, ಅವರಿಂದ ಏನೋ ಆಗಬೇಕಾಗಿದೆ, ಹಾಡು ಅದನ್ನು ಕೇಳುತ್ತಿದೆ. ಸಂದರ್ಭ, ಎದುರಾಳಿ, ಬೇಡಿಕೆ ಮೂರೂ ಇರುವ ಹಾಡು ಅರ್ಧ ನಾಟಕವೇ. ಬರೆಲಿಸ್ ರಂಗಕ್ಕೆ ಬಂದು ಬದಲಾದರು ಎನ್ನುವವರು ಈ ಹಳೆಯ ಹಾಡುಗಳನ್ನು ಇನ್ನೊಮ್ಮೆ ಕೇಳಬೇಕು.

‘ವೇಟ್ರೆಸ್’ ಹುಟ್ಟಿದ್ದು ಏಡ್ರಿಯನ್ ಶೆಲ್ಲಿ ಬರೆದು ನಿರ್ದೇಶಿಸಿದ ಅದೇ ಹೆಸರಿನ ಚಿತ್ರದಿಂದ. 2006ರ ನವೆಂಬರಿನಲ್ಲಿ ಶೆಲ್ಲಿ ಕೊಲೆಯಾದರು. ಅವರ ಚಿತ್ರ ಸನ್‌ಡಾನ್ಸ್ ಉತ್ಸವದಲ್ಲಿ ಮೊದಲ ಬಾರಿ ತೆರೆಕಂಡದ್ದು ಅದಾದ ಎರಡು ತಿಂಗಳಿಗೆ, 2007ರ ಜನವರಿಯಲ್ಲಿ. ಕಥಾನಾಯಕಿ ಜೆನ್ನಾ ಅಮೆರಿಕದ ದಕ್ಷಿಣದ ಪುಟ್ಟ ಊರೊಂದರ ಹೋಟೆಲಿನಲ್ಲಿ ಊಟ ಬಡಿಸುವವಳು, ಪೈ ಎಂಬ ಸಿಹಿತಿಂಡಿ ಮಾಡುವುದರಲ್ಲಿ ಅವಳ ಕೈ ಎತ್ತಿದ ಕೈ. ಹೊಡೆಯುವ, ಸಂಪಾದಿಸಿದ್ದನ್ನು ಕಿತ್ತುಕೊಳ್ಳುವ ಗಂಡ ಅರ್ಲ್‌ನಿಂದ ತಪ್ಪಿಸಿಕೊಳ್ಳಬೇಕೆನ್ನುವ ಹೊತ್ತಿಗೇ ಬಸಿರಾಗಿರುವುದು ತಿಳಿಯುತ್ತದೆ. ನಿರ್ದೇಶಕಿ ಡಯಾನ್ ಪೌಲಸ್ ಈ ವಸ್ತುವನ್ನು ಬರೆಲಿಸ್ ಕೈಗಿಟ್ಟರು. ಸಂಭಾಷಣೆ ಜೆಸ್ಸಿ ನೆಲ್ಸನ್, ನೃತ್ಯ ಲೋರಿನ್ ಲಟಾರೊ. ನಾಲ್ಕು ಮುಖ್ಯ ಹೊಣೆಗಳೂ ಹೆಂಗಸರದೇ ಆಗಿದ್ದುದು ಬ್ರಾಡ್‌ವೇಯಲ್ಲಿ ತೀರ ಅಪರೂಪ. 2015ರ ಆಗಸ್ಟಿನಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಡ್ಜ್‌ನ ಅಮೆರಿಕನ್ ರೆಪರ್ಟರಿ ಥಿಯೇಟರಿನಲ್ಲಿ ಪರೀಕ್ಷೆಗೆ ನಿಂತು, 2016ರ ಏಪ್ರಿಲ್ 24ರಂದು ಬ್ರಾಡ್‌ವೇ ಕಂಡಿತು.

ಆ ನಡುವೆ, 2015ರ ನವೆಂಬರಿನಲ್ಲಿ, ಬರೆಲಿಸ್ ಈ ಹಾಡುಗಳನ್ನು ತಾವೇ ಹಾಡಿದ ಆಲ್ಬಂ ತಂದರು. ಸೈಮನ್ ನಡೆದ ದಾರಿಯೇ ಇದು, ಅಪಾಯವೂ ಅದೇ. ಆದರೆ ಆ ಆಲ್ಬಂನಲ್ಲಿರುವ ‘ಡೋರ್ ನಂಬರ್ ತ್ರೀ’ ಎಂಬ ಲವಲವಿಕೆಯ ಹಾಡು ಬ್ರಾಡ್‌ವೇ ನಾಟಕದಲ್ಲಿ ಇಲ್ಲ. ಮುದ್ರಣವಾಗಿ ಜನರ ಕಿವಿಗೆ ಬಿದ್ದ ಹಾಡನ್ನೂ ನಾಟಕಕ್ಕೆ ಬೇಡವೆಂದಾಗ ಕಿತ್ತುಹಾಕುವ ಧೈರ್ಯ ಪಾಪ್ ಲೋಕದಿಂದ ಬಂದವರಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅಲ್ಲಿ ಕೇಳುಗರು ಮೆಚ್ಚಿದ ಹಾಡೇ ಒಳ್ಳೆಯ ಹಾಡು. ರಂಗದಲ್ಲಿ ಕಥೆಗೆ ದುಡಿಯದ ಹಾಡು ಎಷ್ಟು ಚೆಂದವಿದ್ದರೂ ಹೊರೆ.

ನಾಟಕದ ಸಂಗೀತದಲ್ಲಿ ಬರೆಲಿಸ್ ಮಾಡಿದ ದೊಡ್ಡ ಕೆಲಸ ದನಿಗಳ ಹಂಚಿಕೆ. ಜೆನ್ನಾಳ ಗೆಳತಿ ಡಾನ್ ಪುಕ್ಕಲು ಹುಡುಗಿ. ಮೊದಲ ಭೇಟಿಗೆ ಹೆದರುವ ಅವಳ ಹಾಡು ಉಸಿರು ಸಿಗದಂತೆ ಓಡುತ್ತದೆ, ಒಂದು ಅನುಮಾನ ಮುಗಿಯುವ ಮುನ್ನ ಇನ್ನೊಂದು ಬಂದು ಬೀಳುತ್ತದೆ. ಇನ್ನೊಬ್ಬ ಗೆಳತಿ ಬೆಕ್ಕಿ ತನ್ನ ತಪ್ಪು ಸಂಬಂಧವನ್ನು ಸಮರ್ಥಿಸಿಕೊಳ್ಳುವಾಗ ಚರ್ಚಿನ ಸೋಲ್ ಸಂಗೀತದ ಕಸುವು ಕೇಳುತ್ತದೆ. ಹೋಟೆಲಿನ ಮುದಿ ಯಜಮಾನ ಜೋ ಹಾಡುವುದು ಹಳೆಗಾಲದ ಛಾಯೆಯ ನಿಧಾನದ ಗೀತೆ. ಮೂವರು ಹೆಂಗಸರು ಒಟ್ಟಿಗೆ ಕನಸು ಕಾಣುವ ದೃಶ್ಯದಲ್ಲಿ ಮೂರು ಕಂಠಗಳು ಒಂದರೊಳಗೊಂದು ಹೆಣೆದುಕೊಳ್ಳುವಾಗ, ಕಾಲೇಜು ದಿನಗಳಲ್ಲಿ ವಾದ್ಯವಿಲ್ಲದೆ ಹಾಡಿ ಕಲಿತ ಪಾಠ ಹದಿನೈದು ವರ್ಷದ ಮೇಲೆ ಫಲ ಕೊಟ್ಟಂತಿದೆ. ಇವುಗಳ ನಡುವೆ ಅಡುಗೆ ಪದಾರ್ಥಗಳ ಹೆಸರನ್ನು ಮೇಳ ಜಪದಂತೆ ಹಾಡುವ ಸಣ್ಣ ಸ್ವರಗುಚ್ಛವೊಂದು ಮತ್ತೆ ಮತ್ತೆ ಬರುತ್ತದೆ. ಬದುಕು ಉಸಿರುಗಟ್ಟಿಸಿದಾಗಲೆಲ್ಲ ಜೆನ್ನಾ ಮನಸ್ಸಿನಲ್ಲೇ ಹೊಸ ಪೈ ಒಂದನ್ನು ಕಲ್ಪಿಸಿಕೊಳ್ಳುತ್ತಾಳೆ, ಆ ಸ್ವರಗುಚ್ಛ ಅವಳು ಓಡಿಹೋಗುವ ಬಾಗಿಲು. ಸಣ್ಣ ವಾದ್ಯತಂಡ ರಂಗದ ಮೇಲೇ ಕೂತಿರುತ್ತದೆ, ಹೋಟೆಲಿನ ಗಿರಾಕಿಗಳಷ್ಟೇ ಹತ್ತಿರದಲ್ಲಿ.

ಎರಡನೆಯ ಅಂಕದ ಕೊನೆಗೆ ಬರುವ ‘ಶಿ ಯೂಸ್ಡ್ ಟು ಬಿ ಮೈನ್’ ಹಾಡಿನಲ್ಲಿ ಸ್ವಲ್ಪ ನಿಲ್ಲಬೇಕು. ಪೈ ಸ್ಪರ್ಧೆಗೆ ಹೋಗಲು, ಅಲ್ಲಿಂದ ಹೊಸ ಬದುಕಿಗೆ ದಾಟಲು ಜೆನ್ನಾ ಮನೆಯ ಮೂಲೆಮೂಲೆಯಲ್ಲಿ ಬಚ್ಚಿಟ್ಟ ಹಣ ಗಂಡನ ಕೈಗೆ ಸಿಕ್ಕಿದೆ. ಹೊರಡುವ ದಾರಿ ಮುಚ್ಚಿದೆ. ಇಂಥ ಕಡೆ ಸಾಮಾನ್ಯ ಸಂಗೀತ ನಾಟಕ ನಾಯಕಿಗೆ ಒಂದು ಪ್ರತಿಜ್ಞೆಯ ಹಾಡು ಕೊಡುತ್ತದೆ. ಬರೆಲಿಸ್ ಕೊಟ್ಟದ್ದು ಗುರುತು ಹಿಡಿಯುವ ಹಾಡು. ಜೆನ್ನಾ ತನ್ನನ್ನೇ ಪರರಂತೆ ನೋಡಿ ಮಾತಾಡುತ್ತಾಳೆ. ಒಂದು ಕಾಲದಲ್ಲಿ ತನಗೆ ಪರಿಚಯವಿದ್ದ ಒಬ್ಬ ಹುಡುಗಿಯ ಕುಂದುಕೊರತೆ, ಒಳ್ಳೆಯತನ ಎಲ್ಲವನ್ನೂ ಒಂದೊಂದಾಗಿ ಎಣಿಸುತ್ತಾ ಹೋಗುತ್ತಾಳೆ, ಆ ಹುಡುಗಿ ತಾನೇ ಎಂಬುದು ಕೇಳುವವರ ಎದೆಗೆ ನಿಧಾನವಾಗಿ ಇಳಿಯುತ್ತದೆ. ರಾಗ ಮಾತಿನಷ್ಟು ತಗ್ಗಿನಲ್ಲಿ ಶುರುವಾಗಿ, ಬರಲಿರುವ ಮಗುವಿನ ನೆನಪು ಬಂದಾಗ ಮೇಲಕ್ಕೇರಿ, ಕೊನೆಯಲ್ಲಿ ಮತ್ತೆ ನೆಲಕ್ಕೆ ಬರುತ್ತದೆ. ಶುರುವಿನಲ್ಲಿ ಸೋತವಳು ಮುಗಿಯುವಾಗ ಗೆದ್ದಿಲ್ಲ. ಆದರೆ ಏನನ್ನು ಕಳೆದುಕೊಂಡಿದ್ದೇನೆ ಎಂಬುದು ಅವಳಿಗೆ ಸ್ಪಷ್ಟವಾಗಿದೆ, ಹೆರಿಗೆಯ ಕೋಣೆಯಲ್ಲಿ ಗಂಡನನ್ನು ಹೊರಗಟ್ಟುವ ಶಕ್ತಿ ಬರುವುದು ಆ ಸ್ಪಷ್ಟತೆಯಿಂದ. ಬ್ರಾಡ್‌ವೇಯಲ್ಲಿ ಇದನ್ನು ಮೊದಲು ಹಾಡಿದ ಜೆಸ್ಸಿ ಮ್ಯುಲರ್ ಅವರ ದನಿಯಲ್ಲಿ ದಣಿದ ದೇಹವೂ ಕೇಳುತ್ತದೆ. ಬರೆಲಿಸ್ ಅವರದೇ ಆಲ್ಬಂನಲ್ಲಿ ಹಾಡು ಹೆಚ್ಚು ನುಣುಪು, ಹೆಚ್ಚು ಸುಂದರ. ಎರಡರಲ್ಲಿ ನಾನು ಆರಿಸುವುದು ಮ್ಯುಲರ್ ಅವರದನ್ನು. ಬರೆದವರಿಗಿಂತ ಪಾತ್ರವಾದವರ ಬಾಯಲ್ಲಿ ಹಾಡು ದೊಡ್ಡದಾಯಿತೆಂದರೆ ಬರೆದವರಿಗೆ ಅದಕ್ಕಿಂತ ದೊಡ್ಡ ಮನ್ನಣೆ ಇಲ್ಲ.

ಇಷ್ಟು ಮೆಚ್ಚಿದ ಮೇಲೂ ಈ ಕೃತಿಯಲ್ಲಿ ನನಗೆ ಒಪ್ಪಿಗೆಯಾಗದ್ದು ಇದೆ. ಅರ್ಲ್‌ಗೆ ಸಿಕ್ಕಿರುವುದು ಒಂದೇ ಹಾಡು. ಒಂದು ಕಾಲದ ಪ್ರೀತಿ ಹಿಡಿತವಾಗಿ ಗಟ್ಟಿಯಾದುದನ್ನು ಅದು ಚೆನ್ನಾಗಿಯೇ ತೋರಿಸುತ್ತದೆ. ಅಲ್ಲಿಂದ ಮುಂದೆ ಸಂಗೀತ ಅವನ ಹತ್ತಿರ ಹೋಗುವುದಿಲ್ಲ, ಅವನು ಬರಿ ಬೆದರಿಕೆಯಾಗಿ ಉಳಿಯುತ್ತಾನೆ. ಇದಕ್ಕಿಂತ ಭಾರವಾದ ಆಕ್ಷೇಪ ಓಗಿ ಎಂಬ ಪಾತ್ರದ್ದು. ಡಾನ್ ಬೇಡವೆಂದರೂ ಬಿಡದೆ ಬೆನ್ನುಹತ್ತುವ ಇವನ ಹಾಡು ನಾಟಕದ ಅತ್ಯಂತ ನಗು ತರಿಸುವ ಕ್ಷಣ, ಚಪ್ಪಾಳೆ ಮುಗಿಲು ಮುಟ್ಟುತ್ತದೆ. ಬಿಡದೆ ಹಿಡಿದ ಗಂಡನಿಂದ ಬಿಡಿಸಿಕೊಳ್ಳುವ ಹೆಣ್ಣಿನ ಕಥೆಯೊಳಗೆ ಇನ್ನೊಬ್ಬ ಗಂಡಸಿನ ಬಿಡದ ಹಟ ಮುದ್ದಾಗಿ ಕಾಣುವುದು ಹೇಗೆ? ಶೆಲ್ಲಿ ಅವರ ಚಿತ್ರದಲ್ಲೇ ಈ ಪಾತ್ರ ಇತ್ತು ಎಂಬುದು ಸಮಾಧಾನವಾಗದು. ಇಂಪಾದ ರಾಗ ಆ ಹಟಕ್ಕೆ ಚಿತ್ರದಲ್ಲಿ ಇಲ್ಲದ ಸಮರ್ಥನೆ ಕೊಡುತ್ತದೆ. ಕೇಳುಗರನ್ನು ತಕ್ಷಣ ತನ್ನ ಕಡೆ ಒಲಿಸಿಕೊಳ್ಳುವುದು ಪಾಪ್ ಕಲಿಸುವ ಮೊದಲ ಗುಣ. ರಂಗದಲ್ಲಿ ಕೆಲವೊಮ್ಮೆ ಒಲಿಸಿಕೊಳ್ಳದೆ ಇರುವುದನ್ನೂ ಕಲಿಯಬೇಕು. ಕೊನೆಯ ಸಮೂಹ ಗೀತೆಯೂ ಮಗು ಹುಟ್ಟಿದ್ದೇ ತಡ ಎಲ್ಲ ಗಾಯಗಳಿಗೂ ಮುಲಾಮು ಹಚ್ಚಿಬಿಡುತ್ತದೆ.

2017ರ ಮಾರ್ಚಿನ ಕೊನೆಗೆ ಬರೆಲಿಸ್ ತಾವೇ ಜೆನ್ನಾ ಆಗಿ ರಂಗವೇರಿದರು. ಸ್ಟಿಂಗ್ ಮಾಡಿದ್ದೇ ಇದು, ಫಲ ಮಾತ್ರ ಬೇರೆ. ಬರೆಲಿಸ್ ಬರುವ ಮುನ್ನವೂ ಹೋದ ಮೇಲೂ ಬೇರೆ ನಟಿಯರು ಆ ಪಾತ್ರವನ್ನು ಹೊತ್ತು ನಡೆಸಿದರು. 2020ರ ಜನವರಿ 5ರವರೆಗೆ ನಾಟಕ ನಿಲ್ಲಲಿಲ್ಲ. ಕೊರೊನಾ ಬೀಗ ತೆರೆದ 2021ರ ಸೆಪ್ಟೆಂಬರಿನಲ್ಲಿ ಅವರೇ ಮತ್ತೆ ಅದನ್ನು ಎತ್ತಿ ನಿಲ್ಲಿಸಿದರು. ಮರುವರ್ಷ ಸೋಂಡ್‌ಹೈಮ್ ಅವರ ‘ಇಂಟು ದ ವುಡ್ಸ್’ನಲ್ಲಿ ಬೇಕರಿಯವನ ಹೆಂಡತಿಯಾಗಿ ನಟಿಸಿ ಟೋನಿ ನಾಮನಿರ್ದೇಶನ ಪಡೆದರು. ಆ ಪಾತ್ರದ ಮುಖ್ಯ ಹಾಡಿನಲ್ಲಿ ಹೆಣ್ಣೊಬ್ಬಳು ಕಾಡಿನಲ್ಲಿ ರಾಜಕುಮಾರನೊಡನೆ ಕಳೆದ ಗಳಿಗೆಯ ಬಗ್ಗೆ ಯೋಚಿಸುತ್ತಾ, ಹಾಡುತ್ತಲೇ ವಾದ ಬದಲಿಸುತ್ತಾ, ಮುಗಿಯುವಾಗ ಬೇರೆ ತೀರ್ಮಾನಕ್ಕೆ ಬಂದಿರುತ್ತಾಳೆ. ತಮ್ಮದಲ್ಲದ ಅಂಥ ಹಾಡನ್ನು ರಾತ್ರಿಗಟ್ಟಲೆ ಹಾಡಿದವರು ಅದರ ಕಸುಬನ್ನು ಮೈಗೂಡಿಸಿಕೊಳ್ಳದೆ ಇರಲಾರರು ಎಂದೇ ನನ್ನ ನಂಬಿಕೆ.

ಈ ಪರಂಪರೆಯಲ್ಲಿ ಬರೆಲಿಸ್ ಅವರಿಗಿಂತ ಮುಂದೆ ಹೋದವರು ಅನಾಯಿಸ್ ಮಿಚೆಲ್. ಅವರು ಹಿಟ್ ಹಾಡುಗಳ ತಾರೆಯಲ್ಲ, ಗಿಟಾರ್ ಹಿಡಿದು ಊರೂರು ಸುತ್ತಿದ ಜಾನಪದ ಧಾಟಿಯ ಹಾಡುಗಾರ್ತಿ. ಆರ್ಫಿಯಸ್ ಮತ್ತು ಯುರಿಡಿಸಿಯ ಗ್ರೀಕ್ ಕಥೆಯನ್ನು 2006ರಲ್ಲಿ ವರ್ಮಾಂಟ್‌ನಲ್ಲಿ ಸಣ್ಣದಾಗಿ ಆಡಿಸಿ, 2010ರಲ್ಲಿ ಆಲ್ಬಂ ಮಾಡಿ, ನಿರ್ದೇಶಕಿ ರೇಚಲ್ ಚಾವ್ಕಿನ್ ಜೊತೆ ವರ್ಷಗಟ್ಟಲೆ ತಿದ್ದಿ, 2019ರಲ್ಲಿ ‘ಹೇಡಿಸ್‌ಟೌನ್’ ಆಗಿ ಬ್ರಾಡ್‌ವೇಗೆ ತಂದರು. ಎಂಟು ಟೋನಿ ಬಂತು. ಆಲ್ಬಂನ ಎಷ್ಟೋ ಸಾಲುಗಳು ನಾಟಕದಲ್ಲಿ ಇಲ್ಲ. ಗೆಲುವಿಗೆ ಹದಿಮೂರು ವರ್ಷದ ತಾಳ್ಮೆ ಬೇಕಾಯಿತು ಎಂಬುದನ್ನು, ಹೆಸರಾಂತ ಗಾಯಕರನ್ನು ಹುಡುಕಿಕೊಂಡು ಹೋಗುವ ನಿರ್ಮಾಪಕರು ಗಮನಿಸಬೇಕು. ಹಳೆಯ ಹಿಟ್ ಹಾಡುಗಳನ್ನು ಒಂದು ಕಥೆಗೆ ಪೋಣಿಸಿ ಕೊಡುವ ನಾಟಕಗಳಿಗೆ ಅಷ್ಟು ಕಾಲ ಬೇಡ. ಅದಕ್ಕೇ ಅವು ಹೆಚ್ಚುತ್ತಿವೆ, ಅದಕ್ಕೇ ಅವುಗಳಲ್ಲಿ ಹೊಸದಾಗಿ ಹುಟ್ಟುವುದು ಏನೂ ಇಲ್ಲ.

ಬರೆಲಿಸ್ ಹಾಡುಗಳನ್ನು ಪೂರ್ತಿಯಾಗಿ ಬರೆದು ಬ್ರಾಡ್‌ವೇಗೆ ತಂದದ್ದು ಇದುವರೆಗೆ ಒಂದೇ ನಾಟಕ. ಸೈಮನ್ ಮತ್ತು ಸ್ಟಿಂಗ್ ಮುಟ್ಟಲಾಗದ ಎತ್ತರವನ್ನು ಆ ಒಂದರಲ್ಲೇ ಅವರು ಮುಟ್ಟಿದ್ದಾರೆ. ಮಿಚೆಲ್ ತೋರಿದ ಕಠಿಣತೆ ಇನ್ನೂ ಅವರಿಗೆ ಬಂದಿಲ್ಲ. ಓದುಗರಲ್ಲಿ ಒಂದು ಕೋರಿಕೆ: ‘ಶಿ ಯೂಸ್ಡ್ ಟು ಬಿ ಮೈನ್’ ಎಂಬ ಆ ಒಂದು ಪ್ರಸಿದ್ಧ ಹಾಡನ್ನಷ್ಟೇ ಮೊಬೈಲಿನಲ್ಲಿ ಕೇಳಿ ಬಿಡಬೇಡಿ. ಬ್ರಾಡ್‌ವೇ ಕಲಾವಿದರು ಹಾಡಿದ ಧ್ವನಿಮುದ್ರಣವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಕೂರಿಕೆಯಲ್ಲಿ ಕೇಳಿ. ಮುಂಚಿನ ಹಾಡುಗಳೆಲ್ಲ ಕಿವಿಯಲ್ಲಿದ್ದಾಗ ಮಾತ್ರ ಅದು ಜೆನ್ನಾಳ ಹಾಡಾಗಿ ಕೇಳುತ್ತದೆ.